ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ, ಮನೆ ಬದಲಿಸಲಾ?

ಪ್ರಶ್ನೆ: ನನ್ನ ಸಂಬಳದಲ್ಲಿ ಶೇ 40ರಷ್ಟು ಬಾಡಿಗೆಗೇ ಹೋಗುತ್ತದೆ. ಶೇ 30 ದಾಟಬಾರದು ಅಂತ ಎಲ್ಲರೂ ಹೇಳುತ್ತಾರೆ. ವರ್ಷಕ್ಕೆ ಶೇ 10 ಏರಿಸುವುದಾಗಿ ಓನರ್ ಈಗಲೇ ಹೇಳಿದ್ದಾರೆ. ಎರಡು ತಿಂಗಳಿಂದ ಬಾಡಿಗೆಯನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿ, ಕಾರ್ಡ್‌ಗೆ ಮಿನಿಮಮ್ ಮಾತ್ರ ತುಂಬುತ್ತಿದ್ದೇನೆ. ದೂರದಲ್ಲಿ ಕಮ್ಮಿ ಬಾಡಿಗೆಯ ಮನೆಯೊಂದಿದೆ. ಹೋಗಲಾ?

ಉತ್ತರ: ಮೊದಲು ಆ 30ರ ಲೆಕ್ಕ ಪಕ್ಕಕ್ಕಿಡಿ. ಅಮೆರಿಕದಲ್ಲಿ 1969ರಲ್ಲಿ ಸರ್ಕಾರಿ ವಸತಿಯಲ್ಲಿದ್ದವರ ಬಾಡಿಗೆಗೆ ಆದಾಯದ ಶೇ 25ರ ಮಿತಿ ಹಾಕಿದರು, 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ನಿಮ್ಮ ಜೇಬಿಗೆ ಅಳತೆ ತೆಗೆದು ಹೊಲಿದ ನಿಯಮವೇನಲ್ಲ ಅದು. ದೊಡ್ಡ ಸಂಬಳದವರು ಅರ್ಧ ಕೊಟ್ಟರೂ ಆರಾಮಾಗಿರುತ್ತಾರೆ, ಸಣ್ಣ ಸಂಬಳದಲ್ಲಿ ಕಾಲು ಭಾಗ ಕೊಟ್ಟರೂ ಔಷಧಿಗೆ, ಮಕ್ಕಳ ಫೀಸಿಗೆ ಸಾಲದೆ ಹೋಗಬಹುದು. ಬಾಡಿಗೆ ಕೊಟ್ಟ ಮೇಲೆ ತಿಂಗಳು ದಾಟುವಷ್ಟು ಉಳಿಯುತ್ತದಾ ಅನ್ನುವುದೇ ಮುಖ್ಯ. ನಿಮಗೆ ಉಳಿಯುತ್ತಿಲ್ಲ, ಕಾರ್ಡ್ ತೆಗೆದಾಗಲೇ ಅದು ಗೊತ್ತಾಯಿತು.

ನಿಜ ಹೇಳಬೇಕೆಂದರೆ ಬಾಡಿಗೆಗಿಂತ ನನಗೆ ಆ ಕಾರ್ಡ್‌ನದೇ ಚಿಂತೆ. ತಿಂಗಳಿಗೆ ಶೇ 3 ಬಡ್ಡಿ ಅಂದರೆ ಸಣ್ಣದಾಗಿ ಕಾಣುತ್ತದೆ, ಆದರೆ ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಶೇ 42 ದಾಟುತ್ತದೆ. ಮಿನಿಮಮ್ ಕಟ್ಟಿದರೆ ಅಸಲು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಇದನ್ನು ಈ ತಿಂಗಳೇ ನಿಲ್ಲಿಸಿ. ಬಾಡಿಗೆಗೆ ಹಣ ಸಾಲದಿದ್ದರೆ ಕಟ್ಟುವ ತಾರೀಕಿಗೆ ಮೊದಲೇ ಓನರ್‌ಗೆ ಹೇಳಿ, ಎರಡು ಕಂತಿನಲ್ಲಿ ಕೊಡುತ್ತೇನೆ ಎಂದು ಕೇಳಿ. ತಾರೀಕು ದಾಟಿದ ಮೇಲೆ ಫೋನ್ ಎತ್ತದೆ ಕೂತರೆ ಮಾತಿಗೆ ಬೆಲೆ ಇರಲ್ಲ.

ಇನ್ನು ಏರಿಕೆ. ಸಂಬಳ ವರ್ಷಕ್ಕೆ ಶೇ 5, ಬಾಡಿಗೆ ಶೇ 10 ಏರಿದರೆ ಇವತ್ತಿನ ನಿಮ್ಮ 40 ಐದು ವರ್ಷದಲ್ಲಿ 50 ಆಗುತ್ತದೆ. ಹಾಗಾಗಿ ಚೌಕಾಸಿ ಮಾಡಲೇಬೇಕು, ಸಂಕೋಚ ಬೇಡ. ಶೇ 10 ಏರಿಸಿದರೆ ಓನರ್‌ಗೆ ವರ್ಷಕ್ಕೆ ಹೆಚ್ಚಿಗೆ ಸಿಗುವುದು ಈಗಿನ ಒಂದೂಕಾಲು ತಿಂಗಳ ಬಾಡಿಗೆಗಿಂತ ಸ್ವಲ್ಪ ಕಮ್ಮಿ. ನೀವು ಬಿಟ್ಟು ಹೋಗಿ ಮನೆ ಒಂದು ತಿಂಗಳು ಚಿಲ್ಲರೆ ಖಾಲಿ ಬಿದ್ದರೆ ಆ ಲಾಭ ಅಲ್ಲಿಗೇ ಮುಗಿಯಿತು, ಬಣ್ಣ ಬಳಿಸುವ ಖರ್ಚು ಬೇರೆ. ಸರಿಯಾಗಿ ಬಾಡಿಗೆ ಕೊಡುವವರನ್ನು ಕಳೆದುಕೊಳ್ಳಲು ಹೆಚ್ಚಿನವರಿಗೆ ಇಷ್ಟವಿರಲ್ಲ. ಆದರೆ ಮನೆಗೆ ತುಂಬಾ ಬೇಡಿಕೆ ಇರುವ ಕಡೆ ಈ ಮಾತು ಅಷ್ಟಾಗಿ ನಡೆಯಲ್ಲ, ಅದೂ ಗೊತ್ತಿರಲಿ.

ದೂರದ ಮನೆ ಬಗ್ಗೆ ಹೀಗೆ ನೋಡಿ. ಸಾಮಾನು ಸಾಗಿಸುವುದು, ಬ್ರೋಕರ್, ಸಣ್ಣಪುಟ್ಟ ರಿಪೇರಿ ಎಲ್ಲ ಸೇರಿ ಈಗಿನ ಒಂದೂವರೆ ತಿಂಗಳ ಬಾಡಿಗೆಯಷ್ಟು ಖರ್ಚಾಗುತ್ತದೆ ಅಂದುಕೊಳ್ಳಿ. ಹೊಸ ಮನೆಯಲ್ಲಿ ತಿಂಗಳಿಗೆ ಈಗಿನ ಬಾಡಿಗೆಯ ಹತ್ತನೇ ಒಂದು ಭಾಗ ಉಳಿದರೆ ಆ ಖರ್ಚು ತೀರಲು 15 ತಿಂಗಳು ಬೇಕು. ಓಡಾಟದ ಖರ್ಚು ಜಾಸ್ತಿಯಾದರೆ ಇನ್ನೂ ಹೆಚ್ಚು. ಅಡ್ವಾನ್ಸ್‌ಗೆ ಸಾಲ ಮಾಡುವುದಾದರೆ ಅದರ ಬಡ್ಡಿಯನ್ನೂ ಸೇರಿಸಿ. ಅಷ್ಟು ಕಾಲ ಅಲ್ಲಿರುವುದು ಖಚಿತವಿಲ್ಲದಿದ್ದರೆ ಸುಮ್ನೆ ಹೋಗಬೇಡಿ. ಕಾಲು ಭಾಗ ಉಳಿಯುವುದಾದರೆ 6 ತಿಂಗಳಲ್ಲೇ ತೀರುತ್ತದೆ, ಆಗ ಹೊರಡಿ. ಹೊರಡುವ ಮುಂಚೆ ಕರಾರಿನಲ್ಲಿ ನೋಟಿಸ್ ಅವಧಿ ಎಷ್ಟಿದೆ ನೋಡಿ, ಖಾಲಿ ಮಾಡಿದ ದಿನ ಗೋಡೆ, ನಲ್ಲಿ, ಬಾಗಿಲು ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಹಳೇ ಅಡ್ವಾನ್ಸ್ ಕೈಗೆ ಬಂದ ಕೂಡಲೇ ಕಾರ್ಡ್ ಸಾಲಕ್ಕೆ ಎಷ್ಟಾಗುತ್ತೋ ಅಷ್ಟು ಕಟ್ಟಿಬಿಡಿ.