ಲೈಟರ್ ಗ್ಯಾಸು 58ರ ಬದಲು 52 ಯಾಕೆ ಬಂತು?

ಪ್ರಶ್ನೆ: ಸರ್, ನಾನು ಫಸ್ಟ್ ಪಿಯು. ಬಕೆಟ್ ನೀರಲ್ಲಿ ಅಳತೆ ಜಾಡಿ ಬೋರಲು ಹಿಡ್ದು ಸಿಗರೇಟ್ ಲೈಟರಿನ ಗ್ಯಾಸು 100 ಎಂಎಲ್ ತುಂಬಿಸ್ದೆ. ಲ್ಯಾಬ್ ತಕ್ಕಡೀಲಿ ಲೈಟರ್ ತೂಕ 0.215 ಗ್ರಾಂ ಇಳೀತು, ನೀರು 24 ಡಿಗ್ರಿ ಇತ್ತು. ಪಿವಿ = ಎನ್‌ಆರ್‌ಟಿ ಸೂತ್ರ (ಒತ್ತಡ ಇಂಟು ಗಾತ್ರ = ಮೋಲ್ ಇಂಟು ಆರ್ ಅನ್ನೋ ಸ್ಥಿರಾಂಕ ಇಂಟು ಉಷ್ಣಾಂಶ) ಹಾಕಿದ್ರೆ ಮೋಲಾರ್ ಮಾಸ್, ಅಂದ್ರೆ ಒಂದು ಮೋಲ್ ಗ್ಯಾಸಿನ ತೂಕ, 52 ಗ್ರಾಂ ಬರ್ತಿದೆ. ಲೈಟರಲ್ಲಿರೋ ಬ್ಯೂಟೇನ್ 58 ಅಲ್ವಾ?
- ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಗುಣಾಕಾರ ಭಾಗಾಕಾರ ಎಲ್ಲಾ ಸರಿಯಾಗೇ ಇದೆ ಕಣಮ್ಮ, ಒತ್ತಡ 1 ಅಟ್ಮಾಸ್ಫಿಯರ್ ಅಂತ ಕಣ್ಮುಚ್ಚಿ ಹಾಕಿದೀಯ ನೋಡು, ಎಡವಟ್ಟಾಗಿರೋದು ಅಲ್ಲಿ. ಮಲ್ಪೆ ಬೀಚಲ್ಲಿ ಕೂತು ಮಾಡಿದ್ರೆ ಅದು ನಡೀತಿತ್ತು, ನೀನಿರೋದು ಘಟ್ಟದ ಮೇಲೆ, ಹತ್ತಿರತ್ತಿರ 600 ಮೀಟರ್ ಎತ್ತರದಲ್ಲಿ. ಆಗುಂಬೆ ಘಾಟಿ ಇಳಿಯುವಾಗ ಬಸ್ಸಲ್ಲಿ ಕಿವಿ ಗುಂಯ್ ಅಂತ ಕಟ್ಕೊಳುತ್ತಲ್ಲ, ಅದು ಇದೇ ವ್ಯತ್ಯಾಸ. ನಿಮ್ಮೂರಲ್ಲಿ ಗಾಳಿ ಒತ್ತಡ 760 ಮಿಮೀ ಪಾದರಸ (ಅಂದ್ರೆ 1 ಅಟ್ಮಾಸ್ಫಿಯರ್) ಇರಲ್ಲ, 708ರ ಆಸುಪಾಸು. ಫೋನಿನ ವೆದರ್ ಆಪ್ ನೋಡಿ 1010 ಅಂತಿದೆಯಲ್ಲ ಅಂತ ವಾದಕ್ಕೆ ಬರ್ಬೇಡ, ಅವರು ಸಮುದ್ರಮಟ್ಟದ ಲೆಕ್ಕಕ್ಕೆ ತಿರುಗಿಸಿ ತೋರ್ಸೋದು, ನಿಜವಾಗಿ ಅಲ್ಲಿರೋದು 944 ಹೆಕ್ಟೋಪಾಸ್ಕಲ್ ಹತ್ರ.

ಇನ್ನೊಂದು, ಜಾಡಿ ಒಳಗೆ ಗ್ಯಾಸ್ ಒಂದೇ ಇಲ್ಲ, ನೀರಿನ ಆವಿನೂ ಸೇರ್ಕೊಂಡಿದೆ. 24 ಡಿಗ್ರೀಲಿ ಅದರ ಪಾಲು 22 ಮಿಮೀ. 708ರಲ್ಲಿ 22 ಕಳೆದ್ರೆ 686, ಅಂದ್ರೆ 0.903 ಅಟ್ಮಾಸ್ಫಿಯರ್. ಈಗ 0.903 ಇಂಟು 0.1 ಲೀಟರ್, ಅದನ್ನ 0.0821 (ಅದೇ ಆರ್) ಇಂಟು 297ರಿಂದ ಭಾಗಿಸು (24ಕ್ಕೆ 273 ಸೇರಿಸಿ ಕೆಲ್ವಿನ್ ಮಾಡೋದು ಮರೀಬೇಡ), 0.0037 ಮೋಲ್ ಬರುತ್ತೆ. 0.215ನ್ನ ಅದ್ರಿಂದ ಭಾಗಿಸಿದ್ರೆ 58. ಮೋಲಾರ್ ಮಾಸ್ ಲೆಕ್ಕದಲ್ಲಿ ಒತ್ತಡ ಛೇದದಲ್ಲಿ ಬರೋದ್ರಿಂದ ಅದನ್ನ ಜಾಸ್ತಿ ಹಾಕಿದಷ್ಟೂ ಉತ್ತರ ಕಮ್ಮಿಯಾಗುತ್ತೆ, ಅದಕ್ಕೇ 52 ಬಂದಿದ್ದು.

ಹಂಗಂತ 58 ಬಂತು ಅಂದ್ರೆ ಬರೀ ಬ್ಯೂಟೇನೇ ಅನ್ನಕ್ಕಾಗಲ್ಲ, ಐಸೋಬ್ಯೂಟೇನ್‌ದೂ 58 ಅಷ್ಟೇ, ಪ್ರೊಪೇನ್ ಬೆರೆಸಿದ್ರೆ ಅದು 44 ಇರೋದ್ರಿಂದ ಸ್ವಲ್ಪ ಇಳಿಯುತ್ತೆ. ಇನ್ನೊಂದ್ಸಲ ಮಾಡೋದಾದ್ರೆ ಅಳತೆ ಓದೋ ಮುಂಚೆ ಜಾಡಿ ಒಳಗಿನ ನೀರು ಹೊರಗಿನ ನೀರು ಒಂದೇ ಮಟ್ಟಕ್ಕೆ ತಂದ್ಕೊ, ಇಲ್ಲಾಂದ್ರೆ ಒಳಗಿನ ಒತ್ತಡ ಬೇರೆನೇ ಇರುತ್ತೆ. ಲೈಟರನ್ನ ತೂಗೋ ಮುಂಚೆ ಚೆನ್ನಾಗಿ ಒರೆಸು. ಚಕ್ರದ ಸಂದೀಲಿ ಎರಡು ಹನಿ ನೀರು ನಿಂತ್ರೂ 0.1 ಗ್ರಾಂ ಹೋಯ್ತು, ನಿನ್ನ ಅರ್ಧ ಗ್ಯಾಸು ಅಲ್ಲೇ ಮಾಯ. ನಮ್ಮ ಮಳೆಗಾಲದಲ್ಲಿ ಹಾಕಿದ್ ಬಟ್ಟೆನೇ ವಾರ ಒಣಗಲ್ಲ ಅದು ಗೊತ್ತು, ಫ್ಯಾನ್ ಕೆಳಗೆ ಒಂದು ಗಂಟೆ ಇಡು. ಬಚ್ಚಲೊಲೆ ಹತ್ರ ಮಾತ್ರ ಒಣಗಿಸಕ್ಕೆ ಇಟ್ಟುಬಿಟ್ಟೀಯ ಮಾರಾಯ್ತಿ!