ಮಣಿಪಾಲಕ್ಕೆ ಮನೆ ಬದಲಿಸುವುದೇ, ಬಸ್ಸಿನಲ್ಲಿ ಓಡಾಡುವುದೇ?

ಪ್ರಶ್ನೆ: ನಾವು ಮಂಗಳೂರಿನ ಕದ್ರಿಯಲ್ಲಿ ಸ್ವಂತ ಮನೆಯಲ್ಲಿದ್ದೇವೆ. ನನ್ನ ಹೆಂಡತಿಗೆ ಮಣಿಪಾಲದ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿದ್ದು, ಜುಲೈಯಲ್ಲಿ ಸೇರಬೇಕಾಗಿದೆ. ಮೊದಲ ವರ್ಷ ಪ್ರೊಬೇಷನ್. ನನ್ನದು ಮನೆಯಿಂದಲೇ ಮಾಡುವ ಕೆಲಸ. ಮಗ ಏಳನೇ ತರಗತಿ ಮುಗಿಸಿದ್ದಾನೆ. 74 ವರ್ಷದ ತಾಯಿ, “ನಿಮಗೆ ಸರಿ ಕಂಡಂತೆ ಮಾಡಿ” ಎನ್ನುತ್ತಾರೆ. ಈ ಮನೆ ಮಾರಿ ಮಣಿಪಾಲದಲ್ಲಿ ಫ್ಲ್ಯಾಟ್ ಕೊಳ್ಳೋಣವೇ, ಬಾಡಿಗೆಗೆ ಹೋಗೋಣವೇ, ಅಥವಾ ಹೆಂಡತಿ ದಿನವೂ ಓಡಾಡುವುದೇ ಸರಿಯೇ?
— ಹೆಸರು ಬೇಡ, ಮಂಗಳೂರು

ಉತ್ತರ: ಮನೆ ಮಾರುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಪ್ರೊಬೇಷನ್ ಮುಗಿಯದ ಕೆಲಸವನ್ನು ನಂಬಿ ಕದ್ರಿಯಂಥ ಜಾಗದ ಸ್ವಂತ ಮನೆಯನ್ನು ಕೈಬಿಡುವುದು ಜಾಣತನವಲ್ಲ. ದಿನವೂ ಓಡಾಡುವ ಯೋಚನೆಯನ್ನೂ ನಾನು ಒಪ್ಪುವುದಿಲ್ಲ. ಮಂಗಳೂರಿನಿಂದ ಮಣಿಪಾಲಕ್ಕೆ ಅರುವತ್ತು ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ಎಕ್ಸ್‌ಪ್ರೆಸ್ ಬಸ್ ಹಿಡಿದರೂ ಹೋಗಿ ಬರುವುದಕ್ಕೆ ಮೂರು ಗಂಟೆಗೆ ಕಡಿಮೆಯಾಗದು. ಆಷಾಢದ ಮಳೆಯಲ್ಲಿ ಮೂಲ್ಕಿ, ಪಡುಬಿದ್ರಿಗಳಲ್ಲಿ ವಾಹನಗಳು ಸಾಲುಗಟ್ಟಿದರೆ ಇನ್ನೂ ಹೆಚ್ಚು. ಹೊಸ ಕೆಲಸದ ಮೊದಲ ವರ್ಷ, ಪಾಠದ ತಯಾರಿಯೇ ರಾತ್ರಿಯನ್ನು ತಿನ್ನುವ ಕಾಲದಲ್ಲಿ, ಈ ದಣಿವನ್ನು ಅವರ ಮೇಲೆ ಹೇರಬಾರದು.

ಉಳಿದದ್ದು ಬಾಡಿಗೆ ಮನೆ. ಒಂದು ವರ್ಷ ಕಾದು ನೋಡಿ, ಕೆಲಸ ಖಾಯಂ ಆದ ಮೇಲೆ ಹೋದರಾಯಿತು ಎಂದು ನಿಮಗೆ ಅನ್ನಿಸಬಹುದು. ಆದರೆ ನಿಮ್ಮ ಮಗ ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾನೆ. ರಾಜ್ಯ ಪಠ್ಯಕ್ರಮದಲ್ಲಿ ಎಂಟರಿಂದ ಹತ್ತು ಒಂದೇ ಘಟ್ಟವಾಗಿದ್ದು, ನಮ್ಮ ಕರಾವಳಿಯಲ್ಲಿ ಎಷ್ಟೋ ಮಕ್ಕಳು ಎಂಟನೇ ತರಗತಿಯಲ್ಲಿ ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳುತ್ತಾರೆ. ಒಂಬತ್ತರಲ್ಲಿ ಶಾಲೆ ಬದಲಿಸಿದಾಗ ಅಲ್ಲಿ ಆ ಭಾಷೆ ಇಲ್ಲವೆಂದಾದರೆ ಪೇಚಾಟ ಹುಡುಗನದೇ. ಈಗಲೇ ಹೋಗಿ, ಕೆಲಸ ಖಾಯಂ ಆಗದೆ ಹಿಂದಿರುಗಬೇಕಾಗಿ ಬಂದರೆ ಹುಡುಗ ಆಗಲೂ ಶಾಲೆ ಬದಲಿಸಬೇಕಾದೀತು, ನಿಜ. ಆದರೆ ಅದು ಬಂದರೂ ಬಂದೀತು ಎನ್ನುವ ಕಷ್ಟ. ಕಾದು ಹೋದರೆ ಖಂಡಿತವಾಗಿ ಬರುವ ಕಷ್ಟ. ಆದ್ದರಿಂದ ಈ ಮೇ ತಿಂಗಳಲ್ಲೇ ಹೋಗಿ ಎಂಬುದು ನನ್ನ ಅಭಿಪ್ರಾಯ.

ಆದರೆ ಮಣಿಪಾಲದ ನಡುವೆಯೇ ಮನೆ ಮಾಡಬೇಡಿ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಕಟ್ಟುವಾಗ ಅದು ಮುರಕಲ್ಲಿನ ಬೋಳುಗುಡ್ಡ. ಊರಿಗೆ ಕಾಲೇಜು ಬಂದದ್ದಲ್ಲ, ಕಾಲೇಜಿನ ಸುತ್ತ ಊರು ಬೆಳೆದದ್ದು. ಹೀಗಾಗಿ ಅಲ್ಲಿನ ಬಾಡಿಗೆ, ಹೋಟೆಲು, ರಾತ್ರಿಯ ಗದ್ದಲ ಎಲ್ಲವೂ ವಿದ್ಯಾರ್ಥಿಗಳ ಲೆಕ್ಕಕ್ಕೆ ನಡೆಯುತ್ತವೆ. ನಾಲ್ವರು ಹುಡುಗರು ಸೇರಿ ಹಂಚಿಕೊಂಡು ಕೊಡುವ ಬಾಡಿಗೆಯನ್ನು ಒಂದು ಸಂಸಾರ ಒಂಟಿಯಾಗಿ ಕೊಡಬೇಕಾಗುತ್ತದೆ. (ಗದ್ದಲವೆಂದು ಮಕ್ಕಳನ್ನು ದೂರುತ್ತಿಲ್ಲ, ಪರೀಕ್ಷೆ ಮುಗಿದ ರಾತ್ರಿ ಆ ವಯಸ್ಸಿನಲ್ಲಿ ನಾವೂ ಬೇಗ ಮಲಗಿದವರಲ್ಲ.) ಐದೇ ಕಿಲೋಮೀಟರ್ ಕೆಳಗಿರುವ ಉಡುಪಿಯಲ್ಲಿ, ಅಥವಾ ದಾರಿಯಲ್ಲೇ ಸಿಗುವ ಕುಂಜಿಬೆಟ್ಟು, ಇಂದ್ರಾಳಿಗಳಲ್ಲಿ ಹುಡುಕಿ. ಅಲ್ಲಿಂದ ಮೇಲಕ್ಕೆ ಬಸ್ಸುಗಳು ಧಾರಾಳವಾಗಿವೆ, ಇಂದ್ರಾಳಿಯಲ್ಲಿ ರೈಲು ನಿಲ್ದಾಣವೂ ಇದೆ.

ಮನೆ ನೋಡುವಾಗ ಬಾವಿಯನ್ನು ಮೊದಲು ನೋಡಿ. ಉಡುಪಿ ನಗರಕ್ಕೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಅದು ಬತ್ತಿದಾಗ ಜನ ಪಟ್ಟ ಪಾಡು ಅಲ್ಲಿನವರಿಗೆ ನೆನಪಿದೆ. ಮೇ ತಿಂಗಳಲ್ಲಿ ಹೋದರೆ ಬಾವಿಯ ತಳ ಕಾಣುತ್ತದೆ, ಆದರೆ ಮಳೆಗಾಲದಲ್ಲಿ ಮನೆಯ ಗೋಡೆಗೆ ಇಳಿಯುವ ತೇವ ಕಾಣುವುದಿಲ್ಲ. ಅದನ್ನು ಹಳೆಯ ಬಾಡಿಗೆದಾರರನ್ನೋ ನೆರೆಯವರನ್ನೋ ಕೇಳಿಯೇ ತಿಳಿಯಬೇಕು. ಕರಾರು 11 ತಿಂಗಳಿಗೆ ಇರಲಿ, ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಅದರಲ್ಲೇ ಬರೆಸಿಕೊಳ್ಳಿ.

ಇನ್ನು ನಿಮ್ಮ ತಾಯಿ. “ನಿಮಗೆ ಸರಿ ಕಂಡಂತೆ ಮಾಡಿ” ಎಂಬುದು ಒಪ್ಪಿಗೆಯಲ್ಲ, ತನ್ನನ್ನು ಯಾರೂ ಕೇಳಿಲ್ಲ ಎಂಬುದನ್ನು ಹಿರಿಯರು ಹೇಳುವ ರೀತಿ. ಆಸ್ಪತ್ರೆ ಹತ್ತಿರವಾಗುತ್ತದೆ ಎಂದು ನೀವು ಸಮಾಧಾನ ಹೇಳಬಹುದು. ಅವರು ಯೋಚಿಸುತ್ತಿರುವುದು ಬಹುಶಃ ಬೆಳಗ್ಗೆ ನಡೆದುಹೋಗುವ ದೇವಸ್ಥಾನವನ್ನು, ಗೇಟಿನ ಬಳಿ ನಿಂತು ಮಾತನಾಡಿಸುವ ನೆರೆಯವರನ್ನು. ಅಲ್ಲಿಯೂ ತುಳು, ಕನ್ನಡಗಳೇ ನಡೆಯುವುದರಿಂದ ಮಾತಿಗೆ ತೊಡಕಿಲ್ಲ, ಆದರೆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಮಾತಿಗೆ ಸಿಗುವವರಾದರೂ ಯಾರು? ನೆಲಮಟ್ಟದ ಮನೆಯನ್ನೇ ಹುಡುಕಿ. ಎರಡು ಮೂರು ಮನೆಗಳನ್ನು ನೀವು ಆರಿಸಿದ ಮೇಲೆ, ಮುಂಗಡ ಕೊಡುವುದಕ್ಕೆ ಮೊದಲು, ಒಂದು ಭಾನುವಾರ ಅವರನ್ನು ಕರೆದುಕೊಂಡು ಹೋಗಿ ತೋರಿಸಿ, ಕೊನೆಯ ಆಯ್ಕೆಯನ್ನು ಅವರಿಗೇ ಬಿಡಿ.