ಸಿಗರೇಟ್ ಬಿಟ್ಟೆ, ಹೊಟ್ಟೆ ಬಂತು! – ಡಾಕ್ಟರ್ ಹತ್ರ ಕೇಳಿ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಂಗೆ 41 ವರ್ಷ, ದಾವಣಗೆರೆಲಿ ಬಟ್ಟೆ ಅಂಗಡಿ ಇಟ್ಕೊಂಡಿದೀನಿ. ಕಾಲೇಜಿಂದ ದಿನಕ್ಕೊಂದು ಪ್ಯಾಕ್ ಸೇದ್ತಿದ್ದೆ, ಯುಗಾದಿ ಆದ್ಮೇಲೆ ಯಾವ ಮಾತ್ರೆನೂ ಇಲ್ದೆ ಒಂದೇ ಸಲಕ್ಕೆ ಬಿಟ್ಬಿಟ್ಟೆ, ಮತ್ತೆ ಮುಟ್ಟಿಲ್ಲ. ಆದ್ರೆ ಮೂರು ತಿಂಗಳಲ್ಲಿ 5 ಕೆಜಿ ಏರಿದೀನಿ, ಪ್ಯಾಂಟಿನ ಹುಕ್ ಹಾಕಕ್ಕಾಗ್ತಿಲ್ಲ, ಅಂಗಡಿಗೆ ಬರೋರೆಲ್ಲ "ಏನ್ ಸಾವ್ಕಾರ್ರೇ, ಎಷ್ಟು ತಿಂಗ್ಳು?" ಅಂತ ತಮಾಷೆ ಮಾಡ್ತಾರೆ. ದಿನಕ್ಕೆ ಎರಡೇ ಎರಡು ಸೇದಿದ್ರೆ ತೂಕ ಹಿಡಿತಕ್ಕೆ ಬರುತ್ತಾ? ಇಲ್ಲಾ ರಾತ್ರಿ ಊಟ ಪೂರ್ತಿ ಬಿಟ್ಬಿಡ್ಲಾ?

– ಹೆಸರು ಬೇಡ, ದಾವಣಗೆರೆ

ಉತ್ತರ: ಎರಡೂ ಬೇಡ ಸಾವ್ಕಾರ್ರೇ. ಮೊದ್ಲು ಒಂದು ಸಮಾಧಾನದ ಮಾತು, ನಿಮಗಾಗಿರೋದು ವಿಚಿತ್ರ ಏನಲ್ಲ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹತ್ತಾರು ಅಧ್ಯಯನ ಸೇರಿಸಿ ಲೆಕ್ಕ ಹಾಕಿದ್ರು, ಔಷಧಿ ಇಲ್ದೆ ಬಿಟ್ಟೋರು ಒಂದು ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ ಏರ್ತಾರೆ, ಅದ್ರಲ್ಲೂ ಜಾಸ್ತಿ ಭಾಗ ಮೊದಲ ಮೂರು ತಿಂಗಳಲ್ಲೇ. ಅಂದ್ರೆ ನೀವು ಈಗ ಜೋರಾಗಿ ಏರೋ ಕಾಲದ ಕೊನೆಗೆ ಬಂದಿದೀರಾ, ತಿಂಗಳಿಗಿಷ್ಟು ಅಂತ ಇದೇ ಸ್ಪೀಡಲ್ಲಿ ಹೋಗ್ತಾನೇ ಇರುತ್ತೆ ಅಂದ್ಕೋಬೇಡಿ. ಅದೇ ಲೆಕ್ಕದಲ್ಲಿ ನೂರಕ್ಕೆ 16 ಜನ ತೂಕ ಇಳಿದೋರೂ ಇದ್ರು, 10 ಕೆಜಿಗಿಂತ ಜಾಸ್ತಿ ಏರಿದೋರು ನೂರಕ್ಕೆ 13.

ಯಾಕೆ ಏರುತ್ತೆ ಅಂದ್ರೆ, ನಿಕೋಟಿನ್ ಹಸಿವನ್ನ ಒತ್ತಿ ಹಿಡಿಯುತ್ತೆ, ಜೊತೆಗೆ ಹೃದಯ ಜೋರಾಗಿ ಬಡ್ಕೊಳ್ಳೋ ಹಾಗೆ ಮಾಡಿ ಸುಮ್ನೆ ಕೂತಿದ್ರೂ ಕ್ಯಾಲರಿ ಉರಿಸುತ್ತೆ, ದಿನಕ್ಕೊಂದು ಪ್ಯಾಕ್ ಸೇದೋರಿಗೆ ಸುಮಾರು 200 ಕ್ಯಾಲರಿ, ಅಂದ್ರೆ ಮೂರ್ನಾಲ್ಕು ಇಡ್ಲಿಯಷ್ಟು. ಅದು ನಿಂತೋಯ್ತು. ಇನ್ನೊಂದ್ಕಡೆ ಸತ್ತೋಗಿದ್ದ ನಾಲಿಗೆ ರುಚಿ, ಮೂಗಿನ ವಾಸನೆ ವಾಪಸ್ ಬಂದಿರುತ್ತೆ, ಹೆಂಡ್ತಿ ಮಾಡಿದ ಸಾರು ಈಗಷ್ಟೇ ರುಚಿ ಅನ್ಸೋಕೆ ಶುರುವಾಗಿರುತ್ತೆ, ಕೈಗೂ ಬಾಯಿಗೂ ಕೆಲಸ ಇಲ್ಲ, ಸಂಜೆ ಟೀ ಜೊತೆ ಸಿಗರೇಟ್ ಇದ್ದ ಜಾಗದಲ್ಲಿ ಮಿರ್ಚಿ ಬಂದು ಕೂತಿರುತ್ತೆ. ಹೌದೋ ಅಲ್ವೋ ನೀವೇ ಹೇಳಿ.

ಆ "ಎರಡೇ ಎರಡು" ಅನ್ನೋದಿದ್ಯಲ್ಲ, ಅದನ್ನ ತಲೆಯಿಂದ ತೆಗೀರಿ. ದಿನಕ್ಕೆ ಒಂದೇ ಸೇದೋರಿಗೂ, ಇಪ್ಪತ್ತು ಸೇದೋರಿಗೆ ಜಾಸ್ತಿ ಆಗೋ ಹಾರ್ಟ್ ರಿಸ್ಕ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಇದ್ದೇ ಇರುತ್ತೆ ಅಂತ 2018ರಲ್ಲಿ ಗೊತ್ತಾಗಿದೆ. ಇನ್ನು ನಿಮ್ಮಂಥ ಹಳೇ ಗಿರಾಕಿಗೆ ಎರಡು ಹದಿನೈದಿಪ್ಪತ್ತು ಆಗೋಕೆ ಎಷ್ಟು ದಿನ ಬೇಕು ಅನ್ನೋದು ನನಗಿಂತ ನಿಮಗೇ ಚೆನ್ನಾಗ್ ಗೊತ್ತು. ರಾತ್ರಿ ಊಟ ಬಿಡೋದೂ ಬೇಡ, ಹೊಟ್ಟೆ ಖಾಲಿ ಇದ್ದಾಗ್ಲೇ ಸಿಗರೇಟ್ ನೆನಪು ಜೋರಾಗಿ ಬರೋದು. ಈ ವರ್ಷ ಸಿಗರೇಟ್ ಒಂದೇ ಕೆಲಸ, ತೂಕ ಏರದ ಹಾಗೆ ನೋಡ್ಕೊಂಡ್ರೆ ಸಾಕು, ಇಳಿಸೋದು ಆಮೇಲೆ.

ದಾವಣಗೆರೇಲಿರೋರಿಗೆ ಬೆಣ್ಣೆದೋಸೆ ಬಿಡಿ ಅನ್ನೋ ಧೈರ್ಯ ನನಗಿಲ್ಲ, ವಾರಕ್ಕೊಂದ್ಸಲ ತಿನ್ನಿ. ಸಂಜೆ ಮಂಡಕ್ಕಿ ತಿನ್ನಿ, ಅದು ಹಗುರ, ತೂಕ ಏರಿಸೋದು ಪಕ್ಕದಲ್ಲಿರೋ ಮಿರ್ಚಿ, ಅದನ್ನ ಒಂದಕ್ಕೆ ನಿಲ್ಸಿ. ಟೀ ಎಷ್ಟು ಕುಡೀತೀರಾ ಅಂತ ಬರ್ದಿಲ್ಲ, ಅಂಗಡಿ ಅಂದ್ಮೇಲೆ ಐದಾರಂತೂ ಆಗುತ್ತೆ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದ್ರೂ ದಿನಕ್ಕೆ 200 ಕ್ಯಾಲರಿ ಅಲ್ಲೇ ಆಯ್ತು ನೋಡಿ. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ, ಸಿಗರೇಟ್ ಹೊಗೆ ಕೆಫೀನನ್ನ ಮೈಯಿಂದ ಬೇಗ ಹೊರಗೆ ಹಾಕಿಸ್ತಿರುತ್ತೆ, ಬಿಟ್ಮೇಲೆ ಅದೇ ಟೀ ಕಾಫಿ ಮೊದಲಿಗಿಂತ ಜಾಸ್ತಿ ಹಿಡಿಯುತ್ತೆ, ನಿದ್ದೆ ಬರಲ್ಲ, ಕೈ ನಡುಗುತ್ತೆ, ಸಿಟ್ಟು ಬರುತ್ತೆ, ಜನ ಅದನ್ನೆಲ್ಲ ಸಿಗರೇಟ್ ಬಿಟ್ಟಿದ್ದಕ್ಕೇ ಅಂದ್ಕೋತಾರೆ. ಟೀ ಅರ್ಧ ಮಾಡಿ, ಎರಡೂ ತೊಂದರೆ ಕಮ್ಮಿ ಆಗುತ್ತೆ. ಸೇದ್ಬೇಕು ಅನ್ನೋ ಸೆಳೆತ ಇರೋದು ನಾಲ್ಕೈದು ನಿಮಿಷ, ಅಷ್ಟೊತ್ತು ಅಂಗಡಿ ಹುಡುಗನಿಗೆ ಗಲ್ಲಾ ಒಪ್ಸಿ ರಸ್ತೆ ಕೊನೆವರೆಗೆ ನಡೆದು ಬನ್ನಿ. ತಮಾಷೆ ಮಾಡೋರಿಗೆ ಎರಡು ಜೊತೆ ಪ್ಯಾಂಟ್ ಮಾರಿ ಕಳ್ಸಿ, ನೀವೂ ಒಂದು ಸೈಜ್ ದೊಡ್ಡದು ಹಾಕ್ಕೊಳಿ.

ಪ್ರಶ್ನೆ: ಮೇಡಂ, ನಾನು 27 ವರ್ಷದ ಹುಡುಗಿ, ಬೆಂಗಳೂರಲ್ಲಿ ಐಟಿ ಕೆಲಸ. ದಿನಕ್ಕೆ ಏಳೆಂಟು ಸೇದ್ತೀನಿ, ಮನೇಲಿ ಗೊತ್ತಿಲ್ಲ. ನಿಜ ಹೇಳ್ಬೇಕು ಅಂದ್ರೆ ಶುರು ಮಾಡಿದ್ದೇ ಸಣ್ಣ ಆಗೋಕೆ, ಮಧ್ಯಾಹ್ನ ಊಟದ ಬದ್ಲು ಕಾಫಿ ಮತ್ತೆ ಸಿಗರೇಟ್. ಬಿಡ್ಬೇಕು ಅಂತ ಆಸೆ, ಆದ್ರೆ ದಪ್ಪ ಆಗ್ತೀನಿ ಅಂತ ಭಯ.

– ಓದುಗಿ, ಬೆಂಗಳೂರು

ಉತ್ತರ: ಇಷ್ಟು ನೇರವಾಗಿ ಬರೆದಿದ್ದಕ್ಕೆ ಖುಷಿ ಆಯ್ತು, ಈ ಭಯ ಇರೋ ಹೆಣ್ಮಕ್ಳು ಬಹಳ ಜನ, ಹೇಳ್ಕೊಳ್ಳೋರು ಕಮ್ಮಿ. ಒಂದು ಕಹಿ ಸತ್ಯ ಹೇಳ್ತೀನಿ, ಸಿಗರೇಟ್ ತೂಕ ಒಂಚೂರು ಕಮ್ಮಿ ತೋರಿಸ್ಬಹುದು, ಆದ್ರೆ ಇರೋ ಕೊಬ್ಬನ್ನ ಸೊಂಟ, ಹೊಟ್ಟೆ ಕಡೆ ಸೇರಿಸುತ್ತೆ, ಚರ್ಮಕ್ಕೆ ಬೇಗ ಸುಕ್ಕು ತರುತ್ತೆ. ಚಂದ ಕಾಣೋಕೆ ಅಂತ ಸೇದೋರಿಗೆ ಇದು ನಷ್ಟದ ವ್ಯಾಪಾರ.

ನೀವು ನಿಕೋಟಿನ್ ಗಮ್ ಯೋಚ್ನೆ ಮಾಡ್ಬಹುದು, ಅದನ್ನ ಬಳಸ್ತಿರೋವಾಗ ತೂಕ ಏರೋದು ನಿಧಾನ ಆಗುತ್ತೆ, ಅಷ್ಟರಲ್ಲಿ ಊಟದ ಅಭ್ಯಾಸ ಸರಿ ಮಾಡ್ಕೊಳೋಕೆ ಟೈಮ್ ಸಿಗುತ್ತೆ. 2 ಎಂಜಿದು ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಎದ್ದು ಅರ್ಧ ಗಂಟೆ ಒಳಗೆ ಮೊದಲ ಸಿಗರೇಟ್ ಬೇಕೇ ಬೇಕು ಅನ್ನೋ ಹಾಗಿದ್ರೆ 4 ಎಂಜಿ ಬೇಕಾಗ್ಬಹುದು, ಡಾಕ್ಟರ್ ಹತ್ರ ಕೇಳಿ, ಗರ್ಭಿಣಿ ಆಗಿದ್ರೂ ಕೇಳದೆ ತಗೋಬೇಡಿ. ಮಾಮೂಲಿ ಚೂಯಿಂಗ್ ಗಮ್ ಥರ ಅಗೀಬಾರ್ದು, ನಿಧಾನಕ್ಕೆ ಅಗಿದು ಖಾರ ಖಾರ ಅನ್ಸಿದ ತಕ್ಷಣ ಕೆನ್ನೆ ಪಕ್ಕ ಇಟ್ಕೊಳಿ, ಖಾರ ಹೋದ್ಮೇಲೆ ಮತ್ತೆ ಅಗೀರಿ. ಕಾಫಿ ಕುಡಿದ ತಕ್ಷಣ ಹಾಕ್ಕೊಂಡ್ರೆ ನಿಕೋಟಿನ್ ಸರಿಯಾಗಿ ಹೀರ್ಕೊಳ್ಳಲ್ಲ, ಕಾಲು ಗಂಟೆ ಬಿಡಿ. ಮತ್ತೆ ಮಧ್ಯಾಹ್ನ ಊಟ ಮಾಡಿ ದಯವಿಟ್ಟು, ಮುದ್ದೆ ಸೊಪ್ಪಿನ ಸಾರು ಮಜ್ಜಿಗೆ ಆದ್ರೂ ಸರಿ, ಹಾಸ್ಟೆಲ್ ಚಪಾತಿ ಪಲ್ಯ ಆದ್ರೂ ಸರಿ. ಯಾರ ಹತ್ರ ಆದ್ರೂ ಮಾತಾಡ್ಬೇಕು ಅನ್ಸಿದ್ರೆ ಕ್ವಿಟ್‌ಲೈನ್ ಅಂತ ತಂಬಾಕು ಬಿಡೋರಿಗೆ ಸಹಾಯ ಮಾಡೋ ಫೋನ್ ನಂಬರ್ ಇದೆ, 1800-11-2356, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಮನೆಗೇನೂ ಗೊತ್ತಾಗಲ್ಲ.

ಪ್ರಶ್ನೆ: ಅಪ್ಪನಿಗೆ 63, ಶುಗರ್ ಇದೆ. ಬೀಡಿ ಬಿಟ್ಟು ಎರಡು ತಿಂಗಳು, ತೂಕ ಏರಿದೆ, ಶುಗರ್ರೂ ಸ್ವಲ್ಪ ಏರಿದೆ. "ಬೀಡಿನೇ ವಾಸಿ ಇತ್ತು" ಅಂತಿದಾರೆ.

– ತೀರ್ಥಹಳ್ಳಿ

ಉತ್ತರ: ಹಾಗನ್ಸೋದು ಸಹಜ, ಆದ್ರೆ ನಿಜ ಅಲ್ಲ. ಬಿಟ್ಟ ಹೊಸದ್ರಲ್ಲಿ ತೂಕದ ಜೊತೆ ಶುಗರ್ ಒಂಚೂರು ಏರ್ಬಹುದು, ಆದ್ರೆ ತೂಕ ಏರಿದೋರಲ್ಲೂ ಹಾರ್ಟ್ ಕಾಯಿಲೆಯಿಂದ ಸಾಯೋರು ಸೇದೋರಿಗಿಂತ ಕಮ್ಮಿನೇ. ಮೂರು ತಿಂಗಳ ಸರಾಸರಿ ತೋರಿಸೋ ಶುಗರ್ ಟೆಸ್ಟ್ ಮಾಡ್ಸಿ, ಮಾತ್ರೆ ಬದಲಾಯಿಸ್ಬೇಕಾ ಡಾಕ್ಟರ್ ಹೇಳ್ತಾರೆ. ಇನ್ಸುಲಿನ್ ತಗೋತಿದ್ರೆ ಇನ್ನೂ ಬೇಗ ಹೋಗಿ, ಕೆಲವರಿಗೆ ಬಿಟ್ಮೇಲೆ ಶುಗರ್ ಉಲ್ಟಾ ಇಳಿಯೋದೂ ಉಂಟು. ಜೇಬಲ್ಲಿ ಪೆಪ್ಪರ್‌ಮೆಂಟ್ ಇಟ್ಕೊಂಡು ಚೀಪ್ತಿದಾರಾ ನೋಡಿ, ಹಾಗಿದ್ರೆ ಅದರ ಬದ್ಲು ಲವಂಗ, ಏಲಕ್ಕಿ ಕೊಡಿ. ಎಲೆಅಡಿಕೆಗೆ ಮಾತ್ರ ಹೋಗೋದು ಬೇಡ, ತೀರ್ಥಹಳ್ಳಿಯೋರು ಬೈತೀರಾ ಗೊತ್ತು, ಆದ್ರೆ ಹೊಗೆಸೊಪ್ಪು ಹಾಕ್ದೆ ಇದ್ರೂ ಅಡಿಕೆ ಬಾಯಿ ಕ್ಯಾನ್ಸರ್ ತರುತ್ತೆ.